ನಮ್ಮ ಸಾಲಿಯಲ್ಲಿ ಸಾರಜನಕ ಹಿಡಿದದ್ದು

ಹೈಸ್ಕೂಲಿಗೆ ಹೊಸದಾಗಿ ವಿಜ್ಞಾನ ಕಲಿಸಲು ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಸೆರಗಿನದು. ಪ್ರಯೋಗದ ಕೋಣೆಗೆ ಹೋಗುವ ದಿನ ನೂಲಿನ ಸೀರೆ ಉಡಬೇಕು. ಸೆರಗಿಗೆ ಹೆಗಲ ಮೇಲೆ ಪಿನ್ನು ಹಾಕಿ, ಉಳಿದದ್ದನ್ನು ಸೊಂಟಕ್ಕೆ ಬಿಗಿಯಾಗಿ ಸಿಗಿಸಬೇಕು. ಜಡೆ ಮಡಚಿ ಹಿಂದೆ ಕಟ್ಟಬೇಕು. ಇದನ್ನು ನನಗೆ ಕಲಿಸಿದವರು ಕಾನ್ವೆಂಟಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಸಿಸ್ಟರ್. ಅವರು ಬೈಯುತ್ತಿರಲಿಲ್ಲ. ಯಾರದಾದರೂ ರಿಬ್ಬನ್ ಸಡಿಲಾಗಿದ್ದರೆ ಹತ್ತಿರ ಬಂದು, ತಾವೇ ಬಿಗಿದು, ಬೆನ್ನ ಮೇಲೆ ಒಮ್ಮೆ ತಟ್ಟಿ ಮುಂದೆ ಹೋಗುತ್ತಿದ್ದರು. ಅವರು ಹೋದ ಮೇಲೂ ಬೆನ್ನಿನ ಆ ಜಾಗ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತಿತ್ತು.

ಬಿ.ಎಸ್ಸಿ. ಮುಗಿಸಿದ ಮೇಲೆ ಮದುವೆಯಾಗಿ ಇಳಕಲ್ಲಿಗೆ ಬಂದೆ. ಮಕ್ಕಳು ಸಾಲಿ ಮೆಟ್ಟಿಲು ಹತ್ತುವತನಕ ಮನೆಯಲ್ಲೇ ಇದ್ದೆ. ಆಮೇಲೆ ಬಾಗಲಕೋಟೆಗೆ ಓಡಾಡಿ ಬಿ.ಎಡ್. ಮಾಡಿಕೊಂಡೆ. ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಜಾಗ ಖಾಲಿಯಾಯಿತು ಅಂದಾಗ ನಾನು ಹಿಂದೆಮುಂದೆ ನೋಡುತ್ತಿದ್ದೆ. ನಮ್ಮ ಅತ್ತೆಯವರೇ ಅಂದರು:

“ಹೋಗವಾ ನೀ. ಮನ್ಯಾಗ ಕುಂತು ಉಪ್ಪಿನ ಡಬ್ಬಿಗೆ ಉಪ್ಪು, ಬ್ಯಾಳಿ ಡಬ್ಬಿಗೆ ಬ್ಯಾಳಿ ಅಂತ ಚೀಟಿ ಹಚ್ಚಾಕತ್ತೀದಿ. ಆ ಚೀಟಿ ಸಾಲ್ಯಾಗ ಹೋಗಿ ಹಚ್ಚು.”

ಹೋದೆ. ಹಚ್ಚಿದೆ. ಈಗ ನಿವೃತ್ತಿಯಾಗಿ ಮತ್ತೆ ಮನೆಯವಳಾಗಿದ್ದೇನೆ, ಬೆಳಗಿನ ಚಹಾ ಆರುವ ಮುಂಚೆ ಕುಡಿಯುವ ಸುಖ ಕಂಡಿದ್ದೇನೆ. ಕೆಲಸದ ದಿನಗಳ ಬಗ್ಗೆ ಬರೆಯಿರಿ ಅಂದರೆ ನನಗೆ ಮೊದಲು ನೆನಪಿಗೆ ಬರುವುದು ಬಡ್ತಿಯೂ ಅಲ್ಲ, ಬೀಳ್ಕೊಡುಗೆಯ ಶಾಲೂ ಅಲ್ಲ, ಸಾರಜನಕ. ನೈಟ್ರೋಜನ್ ಅನ್ನುತ್ತೇವಲ್ಲ, ಅದು. ಆ ಅನಿಲವನ್ನು ಹುಡುಗಿಯರು ತಮ್ಮ ಕೈಯಾರೆ ತಯಾರಿಸಬೇಕೋ, ದೂರ ಕೂತು ನೋಡಬೇಕೋ ಎಂಬುದೇ ನನ್ನ ನೌಕರಿಯ ಒಂದೇ ಒಂದು ದೊಡ್ಡ ಜಗಳ. ಜಗಳ ಅಂದರೆ ದನಿ ಏರಿಸಿದ್ದಲ್ಲ, ಅದು ನನಗೆ ಬರುವುದಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಮೆತ್ತಗೆ ಕೇಳಿದ್ದು.

ನಾನು ಸೇರಿದಾಗ ಹಿರಿಯ ವಿಜ್ಞಾನ ಮಾಸ್ತರು ಕುಲಕರ್ಣಿ ಸರ್. ಕಟ್ಟಿಗೆಯ ದೊಡ್ಡ ಮೇಜಿನ ಹಿಂದೆ ಅವರೊಬ್ಬರೇ ನಿಲ್ಲುತ್ತಿದ್ದರು, ಹುಡುಗಿಯರು ಗೋಡೆಗೆ ಆತು ಬೆಂಚಿನ ಮೇಲೆ ಕೂತಿರುತ್ತಿದ್ದರು. ಸಾರಜನಕಕ್ಕೆ ಬೇಕಾದದ್ದು ಎರಡು ಬಿಳಿ ಪುಡಿ. ಒಂದು ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುತ್ತದಲ್ಲ, ಅದೇ. ಪುಸ್ತಕದಲ್ಲಿ ಅದಕ್ಕೆ ಅಮೋನಿಯಂ ಕ್ಲೋರೈಡ್ ಅನ್ನುತ್ತಾರೆ. ಇನ್ನೊಂದು ಸೋಡಿಯಂ ನೈಟ್ರೈಟ್. ಇದು ನೋಡಲು ಥೇಟ್ ಅಡಿಗೆ ಉಪ್ಪು, ಆದರೆ ವಿಷ. ಎರಡನ್ನೂ ನೀರಿನಲ್ಲಿ ಕರಗಿಸಿ ಮೆಲ್ಲಗೆ ಕಾಸಿದರೆ ಸಾರಜನಕ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ.

ಕುಲಕರ್ಣಿ ಸರ್ ನೀರು ಹಾಕುವುದರಲ್ಲಿ ಜಿಪುಣರು.

“ಸರ್, ಇನ್ನಷ್ಟು ನೀರು ಹಾಕೂಣೇನ್ರಿ?” ಅಂದರೆ, “ನೀರು ಹೆಚ್ಚಾದ್ರ ತಡಾ ಆಗ್ತದವಾ, ಪಿರೇಡ್ ಮುಗೀತದ” ಅನ್ನುವರು. ಸ್ಪಿರಿಟ್ ದೀಪವನ್ನೂ ದೊಡ್ಡದು ಮಾಡುವರು. ಒಂದು ಸಲ ಫ್ಲಾಸ್ಕಿನ ಬಿರಡೆ ಹಾರಿ ಮಾಳಿಗೆಗೆ ಬಡಿಯಿತು. ಮಾಳಿಗೆಯ ಸುಣ್ಣದ ಮೇಲೆ ಬಟ್ಟಲಗಲದ ಒದ್ದೆ ಕಲೆ. ಸರ್ ಒಂದು ಕ್ಷಣ ಮೇಲೆ ನೋಡಿ, ಕನ್ನಡಕ ಸರಿ ಮಾಡಿಕೊಂಡು, “ಕಂಡ್ರೇನು, ಅನಿಲಕ್ಕ ಒತ್ತಡ ಇರ್ತದ” ಅಂದರು, ಅದೂ ಪಾಠದ ಭಾಗವೇ ಎಂಬಂತೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಅವತ್ತು ಸಂಜೆ ನಾನು ಮೆಲ್ಲಗೆ ಕೇಳಿದೆ, “ಸರ್, ಹುಡುಗ್ಯಾರ ಕೈಲೆ ಮಾಡಿಸಿದ್ರ ಹ್ಯಾಂಗ್ರಿ?”

“ಅವ್ರು ನೋಡಿದ್ರ ಸಾಕ ಬಿಡ್ರಿ ಅಕ್ಕೋರ. ಮುಟ್ಟಿ ಏನ್ ಮಾಡೂದೈತಿ? ನಾಳೆ ರೊಟ್ಟಿ ಬಡಿಯೂ ಕೈ.”

ಕೆಟ್ಟ ಮನುಷ್ಯರಲ್ಲ. ನನ್ನ ಮಗಳಿಗೆ ಹುಷಾರಿಲ್ಲದಾಗ ನನ್ನ ಪಿರೇಡೆಲ್ಲ ತಾವೇ ತೆಗೆದುಕೊಂಡವರು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಬೇರೆ ಥರ ಕೂತುಬಿಟ್ಟಿತು. ರೊಟ್ಟಿ ಬಡಿಯುವ ಕೈಗೆ ಹಂಚು ಎಷ್ಟು ಕಾದಿದೆ ಎಂದು ಮುಟ್ಟದೆ ಗೊತ್ತಾಗುತ್ತದೆ. ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಸಣ್ಣ ನೊರೆ ಕಟ್ಟುವುದನ್ನು ಆ ಹುಡುಗಿಯರು ಕೈವಾರ ಹಿಡಿಯುವುದಕ್ಕಿಂತ ಮುಂಚೆ ಕಲಿತಿರುತ್ತಾರೆ. ಸಾರಜನಕಕ್ಕೆ ಬೇಕಾದದ್ದೂ ಅಷ್ಟೇ. ಕಾಸಲು ಸುರುಮಾಡಿದ ಮೇಲೆ ಅದು ತಾನೇ ಬಿಸಿ ಹುಟ್ಟಿಸಿಕೊಂಡು ಕುದಿಯುತ್ತದೆ. ಗುಳ್ಳೆ ಸುರುವಾದ ಕೂಡಲೇ ದೀಪ ಸರಿಸದಿದ್ದರೆ ಕೈಮೀರುತ್ತದೆ. ಇದನ್ನು ಕೆಮಿಸ್ಟ್ರಿಯ ಮಾತಿನಲ್ಲಿ ಹೇಳಿದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. “ಹಾಲು ಉಕ್ಕೂದರಾಗ ಒಲಿ ಸಣ್ಣ ಮಾಡ್ತೀರೋ, ಉಕ್ಕಿದ ಮ್ಯಾಲ ಮಾಡ್ತೀರೋ?” ಅಂದೆ, ಇಡೀ ತರಗತಿ ನಕ್ಕಿತು. ಆಮೇಲೆ ಯಾರೂ ಮರೆಯಲಿಲ್ಲ.

ಕುಲಕರ್ಣಿ ಸರ್ ನಿವೃತ್ತರಾದ ಮೇಲೆ ನಾನು ಹುಡುಗಿಯರನ್ನು ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಮೇಜಿಗೆ ಕರೆದೆ. ಹೊಸಬರಿಗೆ ಅನುಕೂಲವಾಗಲಿ ಎಂದು ನಾವು ಮಾಡುತ್ತಿದ್ದ ರೀತಿ ಬರೆಯುತ್ತೇನೆ. ದುಂಡು ತಳದ ಫ್ಲಾಸ್ಕು ದೊಡ್ಡದಿರಬೇಕು, ದ್ರಾವಣ ಅದರ ಮೂರನೇ ಒಂದು ಪಾಲು ಮೀರಬಾರದು. ನೀರು ಧಾರಾಳ. ಒಣಗುವತನಕ ಎಂದೂ ಕಾಸಬಾರದು, ಒಣಗಿ ಕಾದರೆ ಒಳಗಿನದು ಸಿಡಿಯುತ್ತದೆ. ಆಮ್ಲ ಹಾಕಬಾರದು, ಹಾಕಿದರೆ ಕೆಂಪು ಬಣ್ಣದ ಕೆಟ್ಟ ಹೊಗೆ ಏಳುತ್ತದೆ. ಎಲ್ಲರ ಕಣ್ಣಿಗೂ ಕನ್ನಡಕ, ಕಿಡಕಿಗಳೆಲ್ಲ ತೆರೆದಿರಬೇಕು. ಫ್ಲಾಸ್ಕಿನಿಂದ ಹೊರಟ ಗಾಜಿನ ಕೊಳವೆ ನೀರಿನ ತೊಟ್ಟಿಯೊಳಗೆ ಹೋಗುತ್ತದೆ. ಅಲ್ಲಿ ನೀರು ತುಂಬಿ ಬೋರಲು ಹಾಕಿದ ಜಾರಿನೊಳಗೆ ಗುಳ್ಳೆ ಏರಿ, ನೀರನ್ನು ಕೆಳಗೆ ದಬ್ಬಿ, ಜಾಗ ಮಾಡಿಕೊಳ್ಳುತ್ತದೆ. ಮೊದಲ ಗುಳ್ಳೆಗಳನ್ನು ಬಿಟ್ಟುಬಿಡಬೇಕು, ಅದು ಫ್ಲಾಸ್ಕಿನಲ್ಲಿದ್ದ ಹಳೆಯ ಗಾಳಿ. ಮುಗಿಸುವಾಗ ಕೊಳವೆಯನ್ನು ಮೊದಲು ನೀರಿನಿಂದ ಎತ್ತಬೇಕು. ಫ್ಲಾಸ್ಕು ತಣಿಯತೊಡಗಿದ ಮೇಲೆ ಎತ್ತುತ್ತೇನೆ ಅಂದರೆ ತೊಟ್ಟಿಯ ತಣ್ಣೀರು ಕೊಳವೆ ಹತ್ತಿ ಒಳಗೆ ನುಗ್ಗುತ್ತದೆ.

ತೊಟ್ಟಿಗೆ ನೀರು ತಂದು ಹಾಕುತ್ತಿದ್ದವನು ಸಾಲಿಯ ಜವಾನ ಯಲ್ಲಪ್ಪ. ಮೊದಲ ದಿನ ಕೊಡ ಇಳಿಸಿ, ಬೋರಲು ಜಾರನ್ನು ಬಗ್ಗಿ ನೋಡಿ ಕೇಳಿದ:

“ಅಕ್ಕೋರ, ಅಷ್ಟೆಲ್ಲಾ ಮಾಡಿ ಹಿಡಿಯೂದು ಗಾಳಿನ ಹೌದಲ್ರಿ?”

“ಗಾಳಿಯೊಳಗ ಇರೂದ್ರಾಗ ಒಂದು, ಯಲ್ಲಪ್ಪ.”

“ಆತ ತಗೋರಿ. ನೀರು ಮಾತ್ರ ಖರ್ಚಾಗ್ತದ.”

ಕೊಳವೆಯ ವಿಷಯ ಮರೆಯದಂತೆ ಮಾಡಿದವರು ಮಾತ್ರ ನಾನಲ್ಲ, ಬಾಗಲಕೋಟೆಯಿಂದ ತಪಾಸಣೆಗೆ ಬಂದ ಒಬ್ಬ ಸಾಹೇಬರು. ಗುಂಪಿನ ಹಿಂದೆ ನಿಂತು ನೋಡುತ್ತಿದ್ದವರಿಗೆ ಏನನ್ನಿಸಿತೋ, “ಸರೀರಿ, ನಾ ತೋರಸ್ತೇನಿ, ನಾನೂ ಸೈನ್ಸ್ ಓದಿದಾಂವ” ಎಂದು ತೋಳು ಮಡಚಿ ಮುಂದೆ ಬಂದರು. ಜಾರು ತುಂಬಿದ ಮೇಲೆ ದೀಪ ತೆಗೆದು, ಕೊಳವೆಯನ್ನು ನೀರಿನಲ್ಲೇ ಬಿಟ್ಟು, ತಮ್ಮ ಕಾಲೇಜಿನ ದಿನಗಳ ಸುದ್ದಿ ಸುರುಮಾಡಿದರು. ಹುಡುಗಿಯರ ಕಣ್ಣೆಲ್ಲ ಕೊಳವೆಯ ಮೇಲೆ. ನೀರು ಬೆರಳಷ್ಟು ಹತ್ತಿತು, ಗೇಣು ಹತ್ತಿತು. “ಸರ್ರೀ” ಎಂದು ಒಬ್ಬಳು ಕೈ ಎತ್ತಿದಳು. “ಪ್ರಶ್ನೆ ಆಮ್ಯಾಲ” ಅಂದರು. ಟಿಕ್ ಎಂದು ಸಣ್ಣ ಸದ್ದು, ಫ್ಲಾಸ್ಕಿನ ತಳಕ್ಕೆ ಕೂದಲೆಳೆಯ ಬಿರುಕು, ಮೇಜಿನ ತುಂಬ ನೀರು. ಯಾರಿಗೂ ಏನೂ ಆಗಲಿಲ್ಲ. ಸಾಹೇಬರು ಒದ್ದೆಯಾದ ತಮ್ಮ ಪ್ಯಾಂಟನ್ನು ನೋಡಿಕೊಂಡು, “ಫ್ಲಾಸ್ಕ್ ಹಳೇದು” ಅಂದರು. ಅವರ ವರದಿ ಚೆನ್ನಾಗಿಯೇ ಬಂತು.

ಮುಂದೆ ಅಂಗಡಿ ಸರ್ ಹೆಡ್‌ಮಾಸ್ತರಾಗಿ ಬಂದರು. ಇತಿಹಾಸ ಓದಿದವರು, ಅಂಗಿಯ ಕಿಸೆಯಲ್ಲಿ ಸದಾ ಮಡಿಕೆ ಮುರಿಯದ ಕರ್ಚೀಫು. ಅವರ ಕಾಲದಲ್ಲಿ ಸಾಲಿಗೆ ಸ್ಮಾರ್ಟ್ ಬೋರ್ಡ್ ಬಂತು. ಅದರ ಮೇಲೆ ಎಲ್ಲ ಪ್ರಯೋಗವೂ ನಗುಮುಖದಿಂದ, ಎರಡೇ ನಿಮಿಷದಲ್ಲಿ ಆಗಿಬಿಡುತ್ತಿತ್ತು. ಅದೇ ವರ್ಷ ಹೆಡ್‌ಮಾಸ್ತರರನ್ನೂ ವಿಜ್ಞಾನದವರನ್ನೂ ಬಾದಾಮಿಯಲ್ಲಿ ಒಂದು ತರಬೇತಿಗೆ ಕರೆದಿದ್ದರು. ಅಲ್ಲಿ ಬೇರೆ ತಾಲೂಕಿನ ಒಬ್ಬ ಮಾಸ್ತರು ಎದ್ದು ನಿಂತು ತಮ್ಮ ಸಾಲಿಯ ಸುದ್ದಿ ಹೇಳಿದರು. ಇದೇ ಪ್ರಯೋಗ. ಫ್ಲಾಸ್ಕಿನ ನೀರೆಲ್ಲ ಆರಿ ಹೋಗಿದ್ದು ಯಾರೂ ನೋಡಿಲ್ಲ, ದೀಪ ಉರಿಯುತ್ತಲೇ ಇತ್ತು. ಫ್ಲಾಸ್ಕು ಸಿಡಿದು ಗಾಜು ಕಪ್ಪು ಹಲಗೆಯಲ್ಲಿ ನೆಟ್ಟಿತ್ತಂತೆ. ಹುಡುಗರು ಅದೇ ಹೊತ್ತಿಗೆ ನಳದ ಹತ್ತಿರ ಹೋಗಿದ್ದರಿಂದ ಉಳಿದರು. ಅಂಗಡಿ ಸರ್ ಕರ್ಚೀಫು ತೆಗೆದು ಹಣೆ ಒರೆಸಿಕೊಂಡಿದ್ದು ನನಗೆ ಕಾಣಿಸಿತು.

ವಾಪಸು ಬರುವಾಗ ಬಸ್ಸು ಗುಳೇದಗುಡ್ಡ ದಾಟಿತು. ಆಮೇಲೆ ಅವರು ಮುಂದಿನ ಸೀಟಿನಿಂದ ತಿರುಗಿದರು.

“ಮೇಡಂ, ಅದನ್ನ ನಮ್ಮಲ್ಲೂ ಮಾಡ್ತೀರಲ್ಲ?”

“ಅದನ್ನ ಮಾಡ್ತೇವಿ ಸರ್. ಹಂಗ ಮಾಡೂದಿಲ್ಲ.”

“ನನಗ ಈ ಬಾದಾಮಿ ಚಾಲುಕ್ಯರ ಮ್ಯಾಲ ಏನರ ಕೇಳ್ರಿ, ಹೇಳ್ತೇನಿ. ಫ್ಲಾಸ್ಕಿನ ಸುದ್ದಿ ತಗದ್ರ ಒಂದೂ ತಿಳಿಯೂದಿಲ್ಲ. ಬೋರ್ಡಿನ ಮ್ಯಾಲ ಅಷ್ಟ ಛಲೋ ತೋರಸ್ತಾರಲ್ರಿ.”

“ಅಡಿಗಿ ಮಾಡೂದ್ನೂ ಬೋರ್ಡಿನ ಮ್ಯಾಲ ಛಲೋ ತೋರಸ್ತಾರ ಸರ್. ಉಣ್ಣಾಕ ಮನೀಗೇ ಹೋಗಬೇಕಲ್ರಿ.”

ಅವರು ನಕ್ಕರು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತಂದು ನನಗೂ ಒಂದು ಪೊಟ್ಟಣ ಕೊಟ್ಟರು. ಹುನಗುಂದ ಬರುವ ಹೊತ್ತಿಗೆ, “ಈ ಸಲ ಮಾಡ್ರಿ. ಮುಂದ ನೋಡೂಣು” ಅಂದರು. ಅಂದರೆ ಒಪ್ಪಿದ್ದಲ್ಲ, ಮುಂದೂಡಿದ್ದು. ಇನ್ನು ಸಣ್ಣದೊಂದು ಏನೇ ಆದರೂ ಹುಡುಗಿಯರು ಗೋಡೆ ಹತ್ತಿರದ ಬೆಂಚಿಗೆ ಹೋಗುವುದು ಖಂಡಿತ ಎಂದು ನನಗೆ ತಿಳಿಯಿತು.

ಆದದ್ದು ಫ್ಲಾಸ್ಕಿನಿಂದಲ್ಲ.

ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಗಳಿವೆ. ನಮ್ಮ ತರಗತಿಯಲ್ಲಿ ಫರ್ಜಾನಾ ಎಂಬ ಹುಡುಗಿ ಅಂಥ ಮನೆಯವಳು. ಸಾಲಿಗೆ ಬರುವ ಮುಂಚೆ ಅಪ್ಪನ ಜೊತೆ ನೂಲಿನ ಲಡಿಗಳನ್ನು ಹಿಂಡಿ ಬರುತ್ತಿದ್ದಳು. ಉಗುರಿನ ಸಂದಿಯಲ್ಲಿ ಒಂದು ವಾರ ಕೆಂಪು, ಒಂದು ವಾರ ಹಸಿರು. ಬಣ್ಣ ಹಾಕುವವರಿಗೆ ಉಪ್ಪು ಬಹಳ ಬೇಕು, ನೂಲು ಬಣ್ಣ ಹಿಡಿಯಲು ನೀರಿಗೆ ಸುರಿಯುತ್ತಾರೆ. ಕೆಲವು ಕೆಂಪಿಗೆ ಇದೇ ಸೋಡಿಯಂ ನೈಟ್ರೈಟೂ ಬೇಕು. ಎರಡೂ ಬಿಳಿ, ಎರಡೂ ಸಣ್ಣ ಹರಳು. ಯಾವುದು ಉಪ್ಪು ಎಂದು ತಿಳಿಯಲು ಆ ಮನೆಗಳಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿತ್ತು: ಬೆರಳು ಒದ್ದೆ ಮಾಡಿ, ಹರಳಿಗೆ ಒತ್ತಿ, ನಾಲಿಗೆಯ ತುದಿಗೆ ತಾಗಿಸಿ ಉಗುಳಿಬಿಡುವುದು. ಇದು ನನಗೆ ಆಮೇಲೆ ತಿಳಿದದ್ದು.

ಅವತ್ತು ಎರಡು ಗಾಜಿನ ಬಟ್ಟಲಿನಲ್ಲಿ ಎರಡು ಪುಡಿ ತೂಗಿ ಮೇಜಿನ ಮೇಲೆ ಇಟ್ಟಿದ್ದೆವು. ಗುಂಪಿನಲ್ಲಿ ಯಾವುದು ಯಾವುದು ಎಂದು ವಾದ ಹತ್ತಿತು. “ನಿಂದರ್ರಿ, ನಾ ಹೇಳ್ತೇನಿ” ಎಂದು ಫರ್ಜಾನಾ ಬೆರಳು ಒದ್ದೆ ಮಾಡಿಕೊಂಡಳು. ನಾನು ಆಚೆಯ ಗುಂಪಿನ ಹುಡುಗಿಯ ದುಪಟ್ಟಾ ಕಟ್ಟುತ್ತಿದ್ದೆ. ತಿರುಗಿ ನೋಡುವುದರೊಳಗೆ ನೈಟ್ರೈಟಿಗೆ ಒತ್ತಿದ ಬೆರಳು ನಾಲಿಗೆಗೆ ತಾಗಿತ್ತು.

“ಇದು ಉಪ್ಪಲ್ರಿ ಅಕ್ಕೋರ” ಅಂದಳು, ಬಹಳ ಖಾತ್ರಿಯಿಂದ.

ಅವಳಿಂದ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿಸಿದೆ. ಯಲ್ಲಪ್ಪ ಆಟೋ ತಂದ. ಅಂಗಡಿ ಸರ್ ಜೊತೆಗೇ ಬಂದರು, ದಾರಿಯುದ್ದಕ್ಕೂ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ದವಾಖಾನೆಯಲ್ಲಿ ಡಾಕ್ಟರ್ ಬಾಯಿ ತೆರೆಸಿದರು, ಉಸಿರು ನೋಡಿದರು, ಆಮೇಲೆ ಕೈ ಹಿಡಿದರು. ಆ ವಿಷ ಮೈಗೇರಿದರೆ ಉಗುರು ನೀಲಿಗಟ್ಟುತ್ತದೆ. ಆ ವಾರ ಅವರ ಮನೆಯಲ್ಲಿ ನೀಲಿ ಲಡಿ. ಡಾಕ್ಟರ್ ಉಗುರನ್ನು ತಿರುಗಿಸಿ ತಿರುಗಿಸಿ ನೋಡಿ, “ಏನವಾ ಇದು?” ಅಂದರು. “ಬಣ್ಣಾ ರೀ” ಅಂದಳು. ಕೊನೆಗೆ ತುಟಿ ನೋಡಿ ಸಮಾಧಾನಪಟ್ಟುಕೊಂಡು, ಮಧ್ಯಾಹ್ನದತನಕ ಕೂಡಿಸಿಕೊಂಡರು. ತಾಗಿದ್ದು ಕಣದಷ್ಟು, ಏನೂ ಆಗಲಿಲ್ಲ. ಅವಳಿಗೆ ಬೇಸರ ಬಂದು ಬನ್ನು ಕೇಳಿದಳು.

ಸಾಲಿಗೆ ಮರಳಿದ ಕೂಡಲೇ ಅಂಗಡಿ ಸರ್ ಪ್ರಯೋಗದ ಕೋಣೆಗೆ ಕೀಲಿ ಹಾಕಿಸಿದರು.

“ಬ್ಯಾಡ್ರಿ ಮೇಡಂ. ನಿಮ್ಮ ತಪ್ಪ ಅನ್ನೂದಿಲ್ಲ ನಾ. ನನಗ ಧೈರ್ಯ ಇಲ್ಲ. ನಾಳಿಂದ ಬೋರ್ಡಿನ ಮ್ಯಾಲ ತೋರಸ್ರಿ.”

ಬೋರ್ಡಿನ ಮೇಲೆ ತೋರಿಸಿದೆ. ಹುಡುಗಿಯರು ಕೂತು ನೋಡಿದರು. ಮುಗಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಹಾಲಿನ ಮಾತಿಗೆ ನಕ್ಕಿದ್ದ ತರಗತಿಯೇ ಇದು ಎಂದು ನಂಬಲು ಆಗಲಿಲ್ಲ. ಫರ್ಜಾನಾ ಕೊನೆಯ ಬೆಂಚಿಗೆ ಹೋಗಿದ್ದಳು. ಬಾಗಿಲ ಹತ್ತಿರ ಯಾರೋ, “ನೆಕ್ಕಿದಾಕಿ ಬಂದ್ಲು, ಕೋಣಿ ಬಂದಾತು” ಅಂದದ್ದು ನನ್ನ ಕಿವಿಗೂ ಬಿತ್ತು. ಅವಳು ಕೇಳಿಸಲಿಲ್ಲವೆಂಬಂತೆ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು.

ಆ ಭಾನುವಾರ ಅವರ ಮನೆಗೆ ಹೋದೆ. ಅಂಗಳದ ತುಂಬ ತಂತಿಯ ಮೇಲೆ ನೀಲಿ ಲಡಿ, ಕೆಳಗೆ ಹಾಸುಗಲ್ಲಿನ ಮೇಲೆ ನೀಲಿ ಹನಿ. ಫರ್ಜಾನಾಳ ಅಪ್ಪ ಖಾಜಾಸಾಬರು ಮೊಣಕೈತನಕ ನೀಲಿಯಾದ ಕೈಯಲ್ಲೇ ನಮಸ್ಕಾರ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಮೊದಲು ಕುರ್ಚಿ ಒರೆಸಿ ಕೊಟ್ಟರು, ಚಹಾಕ್ಕೆ ಹೇಳಿದರು, ಆಮೇಲೆ ಬೈದರು.

“ಅಕ್ಕೋರ, ನಿಮ್ಮ ಮ್ಯಾಲ ಭರೋಸಾ ಇಟ್ಟು ಕಳಸೀವ್ರಿ. ಸಾಲ್ಯಾಗ ವಿಷ ಯಾಕ್ರಿ ಇಡ್ಬೇಕು?”

“ಖರೆ ರೀ. ನಿಮ್ಮ ಮನ್ಯಾಗೂ ಅದ ಐತೆಲ್ರಿ?”

“ನಮ್ಮದು ಧಂಧೆ.”

“ಎಲ್ಲಿ ಇಟ್ಟೀರಿ, ನೋಡ್ಲೇನು?”

ಒಳಗಿನ ಕಟ್ಟೆಯ ಬುಡದಲ್ಲಿ ಒಂದೇ ನಮೂನೆಯ ಎರಡು ಬಿಸ್ಕೀಟಿನ ಡಬ್ಬಿ ಒಂದರ ಪಕ್ಕ ಒಂದು ಕೂತಿದ್ದವು. ಫರ್ಜಾನಾಳ ದಾದಿ, ಅಂದರೆ ಖಾಜಾಸಾಬರ ತಾಯಿ, ನೆಲದ ಮೇಲೆ ಕೂತು ಲಡಿ ಬಿಡಿಸುತ್ತಿದ್ದರು. ಯಾವುದು ಉಪ್ಪು ಎಂದು ಕೇಳಿದೆ. ಆ ಮುದುಕಿ ಏಳಲಿಲ್ಲ, ಡಬ್ಬಿಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು, ಬೆರಳು ಒದ್ದೆ ಮಾಡಿ, ಒತ್ತಿ, ನಾಲಿಗೆಗೆ ಒಯ್ದರು. ನಾನು ಕೈ ಹಿಡಿದೆ.

“ಬ್ಯಾಡ್ರಿ ಅಮ್ಮಾ.”

“ಹಚ್ಚದ ಹ್ಯಾಂಗ ಗೊತ್ತಾಗಬೇಕವಾ? ನಾ ಮದವಿ ಆಗಿ ಬಂದಾಗಿಂದ ಹಿಂಗ. ಸತ್ತೇನೇನು?”

“ನೀವು ಗಟ್ಟಿ ಅದೀರಿ. ಆಕಿ ಸಣ್ಣಾಕಿ. ಒಂದ್ ದಿನ ಬೆರಳಿನ ಬದ್ಲಿ ಚಿಮಟಿ ತುಂಬ ತಗೊಂಡ್ಲು ಅಂದ್ರ?”

ಮುದುಕಿ ಮೊಮ್ಮಗಳನ್ನು ನೋಡಿದರು. ಖಾಜಾಸಾಬರು ಬಾಗಿಲಿಗೆ ಆತು ನಿಂತಿದ್ದರು. ಆಮೇಲೆ ಅವರು ನೈಟ್ರೈಟಿದ್ದ ಡಬ್ಬಿಯನ್ನು ಎತ್ತಿಕೊಂಡು ಹೋಗಿ, ಬಣ್ಣದ ಬ್ರಷ್ ತಂದು, ಅದರ ನಾಲ್ಕೂ ಮೈಗೆ ಕೆಂಪು ಬಳಿದು, ಬಾಗಿಲ ಮೇಲಿನ ಎತ್ತರದ ಗೂಡಿಗೆ ಇಟ್ಟರು. “ಆತೇನ್ರಿ?” ಅಂದರು, ಸ್ವಲ್ಪ ಸಿಟ್ಟಿನಿಂದಲೇ.

ಚಹಾ ಕುಡಿಯುತ್ತ ನಾನು ಅವರು ಕೆಲಸ ಮಾಡುವುದನ್ನು ನೋಡುತ್ತಿದ್ದೆ. ನೈಟ್ರೈಟನ್ನು ಅವರು ಹರಳಾಗಿಯೇ ಎಂದೂ ನೂಲಿನ ಹತ್ತಿರ ತರುತ್ತಿರಲಿಲ್ಲ. ಮೊದಲೇ ಬೇರೆ ಮಡಕೆಯಲ್ಲಿ ನೀರಿಗೆ ಕರಗಿಸಿ ಬದಿಗೆ ಇಡುತ್ತಿದ್ದರು, ಬೇಕಾದಾಗ ಆ ನೀರನ್ನು ಹೊಯ್ಯುವುದು. ನಾವೂ ಫ್ಲಾಸ್ಕಿನಲ್ಲಿ ನೀರೇ ಸೇರಿಸುತ್ತಿದ್ದೆವು. ಆದರೆ ತೂಗುವುದು, ಕರಗಿಸುವುದು ಎಲ್ಲ ಹುಡುಗಿಯರ ಮುಂದೆ. ಮೇಜಿಗೆ ಬರುವಾಗಲೇ ಅದು ನೀರಾಗಿದ್ದರೆ? ಬಿಳಿ ಪುಡಿಯನ್ನು ನಾನೇ ಕೀಲಿಯ ಹಿಂದೆ ಕರಗಿಸಿ, ಎರಡು ಬಾಟಲಿ ಮಾಡಿ ತಂದರೆ ನೆಕ್ಕಿ ನೋಡುವ ಕಾರಣವೇ ಇರುವುದಿಲ್ಲ, ಒಣ ಪುಡಿ ಕಾಯುವ ಹೆದರಿಕೆಯೂ ಇಲ್ಲ. ದಾರಿಯಲ್ಲಿ ಬರುವಾಗ ಇದನ್ನೇ ಎಷ್ಟು ಯೋಚಿಸಿದೆನೆಂದರೆ ನಮ್ಮ ಓಣಿಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಸೋಮವಾರ ಅಂಗಡಿ ಸರ್ ಮುಂದೆ ಕೂತೆ. ಎಲ್ಲ ಹೇಳಿದೆ. ಅವರು ಪೆನ್ನಿನ ಟೊಪ್ಪಿಗೆ ಹಾಕುವುದು, ತೆಗೆಯುವುದು ಮಾಡುತ್ತ ಕೇಳಿದರು.

“ಒಂದ್ ಕೆಲಸ ಮಾಡೂಣು. ನನ್ನ ಮುಂದ ಒಂದ್ ಸಲ ಮಾಡ್ರಿ. ನೀವಲ್ಲ, ಹುಡುಗ್ಯಾರು. ನೀವು ಕೈ ಹಚ್ಚೂಹಂಗಿಲ್ಲ, ಹೇಳಿಕೊಡೂಹಂಗೂ ಇಲ್ಲ. ಛಲೋ ಆತೋ, ಕೋಣಿ ತಗಸ್ತೇನಿ. ನನಗ ಒಂದ್ ಕಡೆ ಅಂಜಿಕಿ ಬಂತೋ, ನಾ ಈ ಸಾಲ್ಯಾಗ ಇರೂಮಟ ಆ ಮಾತು ಮತ್ತ ತಗೀಬಾರ್ದು.”

“ಆತ್ರಿ ಸರ್.”

“ಆ ಹುಡುಗಿ ಅಪ್ಪನೂ ಬರ್ಲಿ.”

“ಫರ್ಜಾನಾನ ದೀಪದ ಕಡೆ ನಿಂದರ್ಲಿ ಸರ್.”

ಅವರು ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ನೀವು ಮೆತ್ತಗ ಮಾತಾಡ್ತೀರಿ ಮೇಡಂ, ಆದ್ರ ಬಿಡೂದಿಲ್ಲ” ಅಂದರು.

ಆ ದಿನ ಕೋಣೆಯ ಎಲ್ಲ ಕಿಡಕಿ ತೆರೆಸಿದೆ. ಅಂಗಡಿ ಸರ್ ಮತ್ತು ಖಾಜಾಸಾಬರಿಗೆ ಎರಡು ಕುರ್ಚಿ ಹಾಕಿದ್ದೆವು. ಸರ್ ತಮ್ಮದನ್ನು ಬಾಗಿಲ ಹತ್ತಿರ ಎಳೆದುಕೊಂಡರು.

“ಬಾಗಲಾ ಹಿಡದು ಕುಂತ್ರೆಲ್ರಿ ಸರ್” ಅಂದರು ಖಾಜಾಸಾಬರು.

“ಗಾಳಿ ಬರ್ತದ ಅಂತ.”

ಯಲ್ಲಪ್ಪ ತೊಟ್ಟಿಗೆ ನೀರು ಸುರಿದು, ಹೊರಗೆ ಹೋಗದೆ ಗೋಡೆಗೆ ನಿಂತ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೈಗಳನ್ನು ಸೆರಗಿನ ಕೆಳಗೆ ಹಿಡಿದುಕೊಂಡೆ. ಹೊರಗೆ ಬಿಟ್ಟರೆ ತಾವಾಗಿಯೇ ಮುಂದೆ ಹೋಗುತ್ತವೆ ಎಂಬ ಹೆದರಿಕೆ.

ನಾಲ್ವರು ಹುಡುಗಿಯರು ಕನ್ನಡಕ ಹಾಕಿಕೊಂಡರು, ಜಡೆ ಮಡಚಿದರು. ಫರ್ಜಾನಾ ತನ್ನ ದುಪಟ್ಟಾ ಬೆನ್ನ ಹಿಂದೆ ಗಂಟು ಹಾಕಿ, ಗಂಟು ಎಳೆದು ನೋಡಿದಳು. ಎರಡು ಬಾಟಲಿಯ ನೀರನ್ನು ಒಬ್ಬಳು ಫ್ಲಾಸ್ಕಿಗೆ ಹೊಯ್ದಳು. ಇನ್ನೊಬ್ಬಳು ಬಿರಡೆ ಒತ್ತಿ, ಕೊಳವೆಯ ತುದಿ ನೀರಿನೊಳಗಿದೆಯೇ ಎಂದು ಬಗ್ಗಿ ನೋಡಿದಳು. ಫರ್ಜಾನಾ ದೀಪ ಹಚ್ಚಿ ಫ್ಲಾಸ್ಕಿನ ಕೆಳಗೆ ಸುಮ್ಮನೆ ಇಡಲಿಲ್ಲ, ಮಗುವಿಗೆ ಕಾಡಿಗೆ ಹಚ್ಚುವಾಗ ಕೈ ಆಡುತ್ತದಲ್ಲ, ಹಾಗೆ ಅಲ್ಲಾಡಿಸುತ್ತ ಸುತ್ತಲೂ ಒಯ್ದಳು. ಹೊರಗೆ ರಸ್ತೆಯಲ್ಲಿ ಯಾವನೋ ಈರುಳ್ಳಿ ಮಾರುತ್ತಿದ್ದ. ಅವನ ದನಿ ದೂರ ಹೋಗುವತನಕ ಫ್ಲಾಸ್ಕಿನಲ್ಲಿ ಏನೂ ಇಲ್ಲ.

ಆಮೇಲೆ ತಳದಲ್ಲಿ ಸಾಸಿವೆಯಷ್ಟು ಗುಳ್ಳೆ. ಒಂದು, ಇನ್ನೊಂದು, ಆಮೇಲೆ ಅಂಚಿನ ಸುತ್ತ. ನನ್ನ ಬಾಯಿಗೆ ಮಾತು ಬಂದಿತ್ತು, ನುಂಗಿದೆ. ಫರ್ಜಾನಾ ದೀಪವನ್ನು ಹಿಂದಕ್ಕೆ ತೆಗೆದು ಮುಚ್ಚಳ ಹಾಕಿಬಿಟ್ಟಳು.

“ಯಾಕ ತಗದೆವಾ?” ಅಂಗಡಿ ಸರ್ ಕುರ್ಚಿಯಿಂದ ಅರ್ಧ ಎದ್ದರು. “ಕೆಟ್ಟಿತೇನು?”

“ಇಲ್ರಿ ಸರ್. ಇನ್ನ ಅದ ತಾನ ಕುದಿತದ್ರಿ.”

ಕುದಿಯಿತು. ತೊಟ್ಟಿಯಲ್ಲಿ ಗುಳುಗುಳು ಸುರುವಾಯಿತು. ಮೊದಲ ಗುಳ್ಳೆಗಳನ್ನು ಬಿಟ್ಟರು. ಆಮೇಲೆ ಜಾರು ಸರಿಸಿ ಹಿಡಿದರು, ನೀರು ಇಳಿಯುತ್ತ ಬಂತು. ಒಂದು ಜಾರು, ಎರಡು, ಮೂರು. ಒಂದೊಂದನ್ನೂ ನೀರಿನೊಳಗೇ ಗಾಜಿನ ಬಿಲ್ಲೆ ಮುಚ್ಚಿ ಮೇಲೆತ್ತಿ ಇಟ್ಟರು. ನಡುವೆ ಗುಳ್ಳೆ ಜೋರಾಯಿತು. ಫರ್ಜಾನಾ ಯಾರನ್ನೂ ಕೇಳದೆ ಒದ್ದೆ ಅರಿವೆಯನ್ನು ಫ್ಲಾಸ್ಕಿನ ಬೆನ್ನಿಗೆ ಮೆಲ್ಲಗೆ ಒತ್ತಿದಳು, ಜ್ವರ ಬಂದವರ ಹಣೆಗೆ ಒತ್ತಿದಂತೆ. ಜೋರು ತಗ್ಗಿತು. ಕೊನೆಗೆ ಗುಳ್ಳೆ ಬಿಡಿಬಿಡಿಯಾದಾಗ, “ಕೊಳವಿ” ಎಂದಳು ಒಬ್ಬಳು. ಇನ್ನೊಬ್ಬಳು ಅದನ್ನು ನೀರಿನಿಂದ ಎತ್ತಿದಳು. ಖಾಜಾಸಾಬರು ಮುಂದಕ್ಕೆ ಬಗ್ಗಿ ಕೂತಿದ್ದರು. ಮಗಳ ಕೈಯನ್ನೇ ನೋಡುತ್ತಿದ್ದರು, ಜಾರನ್ನಲ್ಲ.

ಪರೀಕ್ಷೆ ಉಳಿದಿತ್ತು. ಉರಿಯುವ ಕಡ್ಡಿಯನ್ನು ಮೊದಲ ಜಾರಿಗೆ ಇಳಿಸಿದರು, ಆರಿತು. ಅದೇ ಜಾರಿಗೆ ಸುಣ್ಣದ ತಿಳಿನೀರು ಹಾಕಿ ಅಲ್ಲಾಡಿಸಿದರು, ನೀರು ತಿಳಿಯಾಗಿಯೇ ಉಳಿಯಿತು. ಎರಡನೆಯದಕ್ಕೆ ಲಿಟ್ಮಸ್ ಕಾಗದ ಹಿಡಿದರು. ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ. ಹುಡುಗಿಯರು ಕೈ ಕಟ್ಟಿ ನಿಂತರು.

ಅಂಗಡಿ ಸರ್ ಕಾದರು. ಇನ್ನೂ ಕಾದರು.

“ಮುಂದ?”

“ಮುಗೀತ್ರಿ ಸರ್.”

“ಏನೂ ಆಗಲಿಲ್ಲಲ್ಲ?”

“ಏನೂ ಆಗಬಾರ್ದ್ರಿ ಸರ್” ಅಂದಳು ಫರ್ಜಾನಾ. “ಅದು ಉರಿಯೂದಿಲ್ರಿ, ಉರಿಯಾಕ ಬಿಡೂದಿಲ್ರಿ, ಯಾವ ಬಣ್ಣನೂ ಕೆಡಸೂದಿಲ್ರಿ. ಹಂಗಾಗೇ ಅದು ಸಾರಜನಕ ರೀ.”

ಖಾಜಾಸಾಬರು, “ಬಣ್ಣ ಕೆಡಸೂದಿಲ್ಲ ಅಂದ್ರ ಛಲೋ ಅದ ಬಿಡ್ರಿ” 
ಅಂದರು. ಯಲ್ಲಪ್ಪ ಮೊದಲು ನಕ್ಕ, ಆಮೇಲೆ ಎಲ್ಲರೂ.

ಅಂಗಡಿ ಸರ್ ನಗಲಿಲ್ಲ. ಅವರು ಎದ್ದು ಬಾಗಿಲ ಹತ್ತಿರದಿಂದ ಮೇಜಿನತನಕ ಬಂದರು. ಕಿಸೆಯಿಂದ ಕೋಣೆಯ ಕೀಲಿ ತೆಗೆದು ನನ್ನ ಕಡೆ ನೋಡದೆ ಮೇಜಿನ ತುದಿಗೆ ಇಟ್ಟರು. ಮುಚ್ಚಿದ ಮೂರನೆಯ ಜಾರು ಹಾಗೇ ಉಳಿದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಫರ್ಜಾನಾಳನ್ನು ಮೆಲ್ಲಗೆ ಕೇಳಿದರು:

“ಇದೊಂದು ನಾ ಮಾಡ್ಲೇನವಾ?”

“ಮೊದ್ಲ ಕನ್ನಡಕ ಹಾಕ್ಕೋರಿ ಸರ್” ಅಂದಳು.

ಹಾಕಿಕೊಂಡರು. ಅವಳು ಕಡ್ಡಿ ಹಚ್ಚಿ ಕೊಟ್ಟಳು, ಬಿಲ್ಲೆ ಸರಿಸಿದಳು. ಸರ್ ಅದನ್ನು ಮೆಲ್ಲಗೆ ಇಳಿಸಿದರು. ಜಾರಿನ ಬಾಯಿ ದಾಟಿದ ಕೂಡಲೇ ಬೆಂಕಿ ಸದ್ದಿಲ್ಲದೆ ಹೋಯಿತು. ಅವರು ಆರಿದ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿ ನೋಡಿದರು. ಆಮೇಲೆ ಅದನ್ನು ಮತ್ತೆ ಹುಡುಗಿಯ ಕಡೆ ಚಾಚಿ, “ಇನ್ನೊಮ್ಮೆ ಹಚ್ಚಿ ಕೊಡವಾ” ಅಂದರು.